ಕೋಣೆಯೂ ಯಂತ್ರದ ಒಂದು ಭಾಗ

ಮೊಬೈಲಿನಲ್ಲಿ ಆಟ ಆಡಿದವರೆಲ್ಲ ಇದನ್ನು ಕಂಡಿರುತ್ತಾರೆ. ಮೊದಲ ಹತ್ತು ನಿಮಿಷ ಎಲ್ಲ ಸರಾಗ. ಆಮೇಲೆ ಫೋನಿನ ಬೆನ್ನು ಬಿಸಿಯಾಗುತ್ತದೆ, ಪರದೆ ಮಂಕಾಗುತ್ತದೆ, ಅಲ್ಲಿಯವರೆಗೆ ಸಲೀಸಾಗಿ ಓಡುತ್ತಿದ್ದ ಆಟ ತಡವರಿಸತೊಡಗುತ್ತದೆ. ನೆಟ್‌ವರ್ಕಿಗೆ ಬೈದು ಫೋನನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟರೆ ಮತ್ತೆ ಸರಿಹೋಗುತ್ತದೆ. ಮನೆಯಲ್ಲಿ ಗೇಮಿಂಗ್ ಕಂಪ್ಯೂಟರ್ ಕಟ್ಟಿಕೊಳ್ಳುವವರಿಗೂ ಇದೇ ಒಗಟು ಎದುರಾಗುತ್ತದೆ, ಇನ್ನೂ ದೊಡ್ಡದಾಗಿ. ಒಂದೇ ಪ್ರೊಸೆಸರ್, ಒಂದೇ ಗ್ರಾಫಿಕ್ಸ್ ಕಾರ್ಡ್ ಹಾಕಿದ ಎರಡು ಕಂಪ್ಯೂಟರುಗಳಲ್ಲಿ ಒಂದನ್ನು ಬೆಂಗಳೂರಿನ ಎಸಿ ಕೋಣೆಯಲ್ಲಿ, ಇನ್ನೊಂದನ್ನು ಹನೂರು ತಾಲ್ಲೂಕಿನ ಅಜ್ಜೀಪುರದ ತಾರಸಿ ಮನೆಯಲ್ಲಿ ಇಟ್ಟು, ಏಪ್ರಿಲ್ ಸಂಜೆ ಒಂದೇ ಆಟವನ್ನು ಒಂದು ಗಂಟೆ ಓಡಿಸಿದರೆ, ಗಂಟೆಯ ಕೊನೆಗೆ ಎರಡರ ವೇಗ ಒಂದೇ ಇರುವ ಭರವಸೆಯಿಲ್ಲ. ಭಾಗಗಳು ಒಂದೇ, ಬೆಲೆ ಒಂದೇ, ಆದರೂ ಫಲ ಬೇರೆ.

ಹೊಸಬರು ಮೊದಲು ಕೇಳುವ ಪ್ರಶ್ನೆ ‘ಯಾವ ಕಾರ್ಡ್ ತಗೊಳ್ಳಲಿ?’ ಎಂಬುದು. ಇಂಟರ್ನೆಟ್ಟಿನಲ್ಲಿ ಸಿಗುವ ಉತ್ತರಗಳು ಬಹುಪಾಲು ಚಳಿದೇಶಗಳವು, ಇಲ್ಲವೇ ಎಸಿ ಕೋಣೆಗಳವು. ಬಿಳಿಗಿರಿರಂಗನ ಬೆಟ್ಟಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ನಡುವಿನ ಒಣ ಸೀಮೆಯಲ್ಲಿ ಪ್ರಶ್ನೆಯನ್ನು ತಿರುವಿ ಹಾಕಬೇಕಾಗುತ್ತದೆ: ಈ ಕೋಣೆ ಎಷ್ಟು ಬಿಸಿಯನ್ನು ಹೊರಗೆ ಸಾಗಿಸಬಲ್ಲದು? ಅದಕ್ಕೆ ಉತ್ತರ ಸಿಕ್ಕ ಮೇಲೆ ಕಾರ್ಡಿನ ಪ್ರಶ್ನೆ ಅರ್ಧ ತಾನಾಗಿಯೇ ಇತ್ಯರ್ಥವಾಗುತ್ತದೆ.

ಕರೆಂಟೆಲ್ಲ ಎಲ್ಲಿಗೆ ಹೋಗುತ್ತದೆ

ನೀರೆತ್ತುವ ಪಂಪ್‌ಸೆಟ್ ತಿಂದ ಕರೆಂಟಿನಲ್ಲಿ ಒಂದು ಪಾಲು ನೀರಾಗಿ ಮೇಲಕ್ಕೇರುತ್ತದೆ. ಕಂಪ್ಯೂಟರ್ ಏನನ್ನೂ ಎತ್ತುವುದಿಲ್ಲ, ಅರೆಯುವುದಿಲ್ಲ. ಅದು ತಿಂದ ಕರೆಂಟು ಹೆಚ್ಚುಕಡಿಮೆ ಪೂರ್ತಿಯಾಗಿ ಬಿಸಿಯಾಗಿ ಕೋಣೆಗೆ ಬರುತ್ತದೆ. ಆರ್‌ಟಿಎಕ್ಸ್ 4060 ಎಂಬ ಮಧ್ಯಮ ದರ್ಜೆಯ ಕಾರ್ಡಿನ ಚಿಪ್ಪಿನಲ್ಲಿ ಸುಮಾರು 1,890 ಕೋಟಿ ಟ್ರಾನ್ಸಿಸ್ಟರುಗಳಿವೆ. ಟ್ರಾನ್ಸಿಸ್ಟರ್ ಅಂದರೆ ಅತಿ ಸಣ್ಣ ಸ್ವಿಚ್ಚು. ಪ್ರತಿ ಸಲ ಹೊತ್ತಿ ಆರುವಾಗಲೂ ಅದರೊಳಗೆ ಚಿಟಿಕೆಯಷ್ಟು ವಿದ್ಯುತ್ತು ತುಂಬಿ ಬರಿದಾಗುತ್ತದೆ, ಬರಿದಾದದ್ದು ಬಿಸಿಯಾಗುತ್ತದೆ. ಚಿಪ್ಪಿನ ಗಡಿಯಾರ ಸೆಕೆಂಡಿಗೆ ಇನ್ನೂರು ಕೋಟಿಗೂ ಹೆಚ್ಚು ಸಲ ಮಿಡಿಯುತ್ತದೆ. ಎಲ್ಲ ಕೂಡಿಸಿದರೆ ಕಾರ್ಡಿಗೆ 115 ವಾಟ್. ಅದರ ಜೊತೆಗೆ ಇಡುವ ರೈಜನ್ 5 5600 ಪ್ರೊಸೆಸರ್ 76 ವಾಟ್‌ವರೆಗೆ ಎಳೆಯುತ್ತದೆ. ಮದರ್‌ಬೋರ್ಡ್, ರ್‍ಯಾಮ್, ಫ್ಯಾನು, ಮಾನಿಟರ್, ಗೋಡೆಯ ಕರೆಂಟನ್ನು ಇಳಿಸಿ ಕೊಡುವ ಎಸ್‌ಎಂಪಿಎಸ್ ತನ್ನಲ್ಲೇ ಕಳೆಯುವ ಪಾಲು ಎಲ್ಲ ಸೇರಿ ಗೋಡೆಯ ಪ್ಲಗ್ಗಿನಲ್ಲಿ ಅಳೆದರೆ 300 ವಾಟ್‌ನ ಹತ್ತಿರ. ಹಳೆಯ ಮಾದರಿಯ ನಾಲ್ಕು ಸೀಲಿಂಗ್ ಫ್ಯಾನ್‌ಗಳ ಲೆಕ್ಕ ಇದು. ದೊಡ್ಡ ಕಾರ್ಡೇ ಬೇಕೆನ್ನುವವರು ನೆನಪಿಡಬೇಕು, ಆರ್‌ಟಿಎಕ್ಸ್ 4090 ಒಂದೇ 450 ವಾಟ್ ತಿನ್ನುತ್ತದೆ.

300 ವಾಟ್ ದೊಡ್ಡದೇ? ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕ ಮೂವತ್ತು ಕಿಲೋ ಚಿಲ್ಲರೆ. ಬಾಗಿಲು ಕಿಟಕಿ ಹಾಕಿ, ಗೋಡೆಯೂ ನೆಲವೂ ಏನನ್ನೂ ಹೀರುವುದಿಲ್ಲ ಎಂದುಕೊಂಡರೆ, 300 ವಾಟ್ ಒಂದೇ ಗಂಟೆಯಲ್ಲಿ ಆ ಗಾಳಿಯನ್ನು 30 ಡಿಗ್ರಿಗೂ ಹೆಚ್ಚು ಕಾಯಿಸಬಲ್ಲದು. ನಿಜದಲ್ಲಿ ಗೋಡೆ ಹೀರುತ್ತದೆ, ಸಂದಿಗಳಲ್ಲಿ ಗಾಳಿ ಆಡುತ್ತದೆ, ಏರಿಕೆ ಕೆಲವೇ ಡಿಗ್ರಿಗೆ ನಿಲ್ಲುತ್ತದೆ. ಆದರೆ ಆ ಗೋಡೆಯೇ ಮೊದಲು ಕಾದಿದ್ದರೆ? ಆ ಪ್ರಶ್ನೆಗೆ ಬರುವ ಮೊದಲು ಚಿಪ್ಪಿನೊಳಗೆ ನಡೆಯುವುದನ್ನು ನೋಡಬೇಕು.

ತಳ ತೂತಾದ ಕೊಡಪಾನ

ತಳದಲ್ಲಿ ತೂತಿರುವ ಕೊಡಪಾನಕ್ಕೆ ನಲ್ಲಿ ನೀರು ಬಿಟ್ಟರೆ ಏನಾಗುತ್ತದೆ? ಮೊದಲು ಮಟ್ಟ ಏರುತ್ತದೆ. ಮಟ್ಟ ಏರಿದಷ್ಟೂ ಒತ್ತಡ ಹೆಚ್ಚಿ ತೂತಿನಿಂದ ಜೋರಾಗಿ ಸುರಿಯುತ್ತದೆ. ಬರುವುದೂ ಹೋಗುವುದೂ ಸಮವಾದ ಮಟ್ಟದಲ್ಲಿ ನೀರು ನಿಲ್ಲುತ್ತದೆ. ಚಿಪ್ಪಿನ ಬಿಸಿಯೂ ಹೀಗೆಯೇ ನಿಲ್ಲುತ್ತದೆ. ನಲ್ಲಿ ಅಂದರೆ ವಾಟ್, ತೂತು ಅಂದರೆ ಕೂಲರ್, ಅಂದರೆ ಚಿಪ್ಪಿನ ಬಿಸಿ ಎಳೆಯುವ ಲೋಹದ ರೆಕ್ಕೆಗಳ ಹೀಟ್‌ಸಿಂಕ್ ಮತ್ತು ಫ್ಯಾನು, ನೀರಿನ ಮಟ್ಟ ಅಂದರೆ ಚಿಪ್ಪು ಸುತ್ತಲಿನ ಗಾಳಿಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿದೆ ಎಂಬುದು. ‘ಗಾಳಿಗಿಂತ ಎಷ್ಟು ಹೆಚ್ಚು’ ಎಂಬ ಮಾತನ್ನು ಹಿಡಿದುಕೊಳ್ಳಬೇಕು. ಒಂದು ಕೂಲರ್ ಒಂದು ನಿರ್ದಿಷ್ಟ ವಾಟ್‌ಗೆ 45 ಡಿಗ್ರಿ ಏರಿಕೆಯಲ್ಲಿ ನಿಲ್ಲಿಸುತ್ತದೆ ಎಂದಿಟ್ಟುಕೊಳ್ಳೋಣ. 25 ಡಿಗ್ರಿಯ ಕೋಣೆಯಲ್ಲಿ ಚಿಪ್ಪು 70ಕ್ಕೆ ನಿಲ್ಲುತ್ತದೆ, 38 ಡಿಗ್ರಿಯ ಕೋಣೆಯಲ್ಲಿ 83ಕ್ಕೆ. ಕ್ಯಾಬಿನೆಟ್ಟಿನೊಳಗೆ ಗಾಳಿ ಆಡದೆ ಅಲ್ಲಿನ ಗಾಳಿಯೇ ಕೋಣೆಗಿಂತ 12 ಡಿಗ್ರಿ ಬಿಸಿಯಾಗಿದ್ದರೆ 95. ಕೊಡಪಾನವನ್ನು ನೆಲದಿಂದೆತ್ತಿ ಜಗಲಿಯ ಮೇಲಿಟ್ಟಂತೆ, ಒಳಗಿನ ನೀರು ಅಷ್ಟೇ ಇದ್ದರೂ ನೆಲದಿಂದ ಅಳೆದರೆ ಮಟ್ಟ ಮೇಲಕ್ಕೆ ಹೋಗಿರುತ್ತದೆ.

ಪ್ರತಿ ಚಿಪ್ಪಿಗೂ ತಯಾರಕರು ಒಂದು ಗೆರೆ ಎಳೆದಿರುತ್ತಾರೆ. ಎಎಂಡಿಯ ರೈಜನ್ 7000 ಸರಣಿಯ ಬಹುತೇಕ ಚಿಪ್ಪುಗಳಿಗೆ ಅದು 95 ಡಿಗ್ರಿ, ಇಂಟೆಲ್‌ನ ಹಲವು ಪ್ರೊಸೆಸರುಗಳಿಗೆ 100. ಗೆರೆ ಮುಟ್ಟಿದ ಕೂಡಲೇ ಚಿಪ್ಪು ಸುಟ್ಟುಹೋಗುವುದಿಲ್ಲ. ತಾನಾಗಿಯೇ ತನ್ನ ವೇಗವನ್ನು ಇಳಿಸಿಕೊಳ್ಳುತ್ತದೆ, ಅಂದರೆ ನಲ್ಲಿಯನ್ನು ತುಸು ತಿರುಗಿಸಿ ಸಣ್ಣ ಮಾಡಿಕೊಳ್ಳುತ್ತದೆ. ಇದನ್ನು ‘ಬಿಸಿತಗ್ಗು’ ಎಂದು ಕರೆಯೋಣ. ಫೋನು ಹತ್ತು ನಿಮಿಷದ ನಂತರ ತಡವರಿಸುವುದರ ಹಿಂದಿರುವುದು ಇದೇ. ಮೊದಲ ಹತ್ತು ನಿಮಿಷ ಕೊಡಪಾನ ತುಂಬುವ ಹೊತ್ತು. ಅಂಗಡಿಯಲ್ಲಿ ಐದು ನಿಮಿಷ ಓಡಿಸಿ ತೋರಿಸುವ ವೇಗವನ್ನು ನಂಬಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಚಿಪ್ಪು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ ಎಂದಮೇಲೆ ತಲೆಕೆಡಿಸಿಕೊಳ್ಳುವುದೇಕೆ? ಮಾತು ಸರಿ, ಚಿಪ್ಪು ಸಾಯುವುದಿಲ್ಲ. ಆದರೆ ಕಣ್ಣಿಗೆ ತಿಳಿಯುವುದು ಸರಾಸರಿ ವೇಗವಲ್ಲ, ನಡುನಡುವಿನ ಮುಗ್ಗರಿಕೆ. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದೊಂದು ಚಿತ್ರಕ್ಕೂ ಸಿಗುವ ಕಾಲ 16.7 ಮಿಲಿಸೆಕೆಂಡ್. ಐವತ್ತೊಂಬತ್ತು ಚಿತ್ರ ಸರಿಯಾಗಿ ಬಂದು ಒಂದಕ್ಕೆ 50 ಮಿಲಿಸೆಕೆಂಡ್ ಹಿಡಿದರೂ ಆಟ ಜರ್ಕ್ ಹೊಡೆದದ್ದು ಗೊತ್ತಾಗಿಬಿಡುತ್ತದೆ. ಬಿಸಿತಗ್ಗು ಏರುತ್ತ ಇಳಿಯುತ್ತ ಇರುವುದರಿಂದ ಇಂಥ ಮುಗ್ಗರಿಕೆಗಳನ್ನೇ ತರುತ್ತದೆ. ಇದಲ್ಲದೆ ಚಿಪ್ಪಿನ ಸುತ್ತ ಇರುವ ಭಾಗಗಳಿಗೆ ಆ ಜಾಣತನವಿಲ್ಲ. ಎಸ್‌ಎಂಪಿಎಸ್‌ನಲ್ಲಿರುವ ದ್ರವ ತುಂಬಿದ ಕೆಪಾಸಿಟರುಗಳ ಆಯಸ್ಸು ಹತ್ತು ಡಿಗ್ರಿ ಏರಿದಾಗಲೆಲ್ಲ ಸುಮಾರಾಗಿ ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಹಳೆಯ ಲೆಕ್ಕಾಚಾರ.

ಸಂಜೆ ಏಳು ಗಂಟೆ

ಈ ಸೀಮೆಯಲ್ಲಿ ಏಪ್ರಿಲ್ ಮಧ್ಯಾಹ್ನ 37–38 ಡಿಗ್ರಿ ಅಪರೂಪವೇನಲ್ಲ. ಆದರೆ ಮಧ್ಯಾಹ್ನ ಆಟ ಆಡುವವರು ಕಡಿಮೆ. ಕಾಲೇಜು, ಕೆಲಸ, ಹೊಲ ಮುಗಿದು ಕಂಪ್ಯೂಟರಿನ ಮುಂದೆ ಕೂರುವುದು ಸಂಜೆ ಏಳರ ಮೇಲೆ. ಆಗ ಹೊರಗೆ ತಂಪಾಗುತ್ತಿರುತ್ತದೆ, ಆದರೆ ತಾರಸಿ ಮನೆಯೊಳಗೆ ಸೆಕೆ ಏರಿರುತ್ತದೆ. ನಾಲ್ಕೈದು ಇಂಚು ದಪ್ಪದ ಕಾಂಕ್ರೀಟು ಹಗಲಿಡೀ ಹೀರಿಕೊಂಡ ಬಿಸಿಲು ಅದರ ಕೆಳಮುಖ ತಲುಪುವುದಕ್ಕೆ ಕೆಲವು ಗಂಟೆ ಬೇಕು. ಹಾಗಾಗಿ ಮಧ್ಯಾಹ್ನದ ಬಿಸಿಲು ಕೋಣೆಗೆ ಬಂದಿಳಿಯುವುದು ಸಂಜೆಗೆ. ಹೆಂಚಿನ ಮನೆಯೂ ಶೀಟಿನ ಮನೆಯೂ ಮಧ್ಯಾಹ್ನ ಕಾದು ಸಂಜೆಗೆ ಬೇಗ ಆರುತ್ತವೆ. ಕಂಪ್ಯೂಟರಿಗೆ ಜಾಗ ಹುಡುಕುವಾಗ ಹೊಸ ತಾರಸಿ ಕೋಣೆಗಿಂತ ಹಳೆಯ ಹೆಂಚಿನ ಪಡಸಾಲೆ ಎಷ್ಟೋ ವಾಸಿ. 

ಸೀಲಿಂಗ್ ಫ್ಯಾನ್ ಹಾಕಿದರೆ ಆಯಿತಲ್ಲ ಎನ್ನಬಹುದು. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ನಮ್ಮ ಬೆವರನ್ನು ಆರಿಸುತ್ತದೆ. ಕಂಪ್ಯೂಟರಿಗೆ ಬೆವರಿಲ್ಲ. ಹಾಗೆಂದು ಫ್ಯಾನು ಪೂರ್ತಿ ವ್ಯರ್ಥವೂ ಅಲ್ಲ. ಮೇಜಿನ ಕೆಳಗೆ, ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್ಟಿನ ಹಿಂದೆ ಬಿಸಿಗಾಳಿ ಗುಡ್ಡೆಯಾಗಿ, ಯಂತ್ರ ತಾನು ಉಗುಳಿದ್ದನ್ನೇ ಮತ್ತೆ ಸೇದಿಕೊಳ್ಳುತ್ತಿರುತ್ತದೆ. ಫ್ಯಾನು ಆ ಗುಡ್ಡೆಯನ್ನು ಚದುರಿಸುತ್ತದೆ. ಆದರೆ ಕಿಟಕಿ ತೆಗೆದು ಸಂಜೆಯ ಗಾಳಿಯನ್ನು ಒಳಕ್ಕೆ ಬಿಟ್ಟುಕೊಳ್ಳುವುದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ, ಅದಕ್ಕೆ ಖರ್ಚೂ ಇಲ್ಲ. ಕ್ಯಾಬಿನೆಟ್ಟಿನ ಹಿಂದೆ ಒಂದಡಿಯಾದರೂ ಬಯಲು ಬಿಡಬೇಕು. ಮರದ ಕಪಾಟಿನೊಳಗೆ ಇಡುವ ಆಲೋಚನೆಯನ್ನು ಕೈಬಿಡಬೇಕು.

ಶಿವನಸಮುದ್ರದಿಂದ ಚಿಪ್ಪಿನವರೆಗೆ

ಸಂಜೆ ಏಳಕ್ಕೆ ಇನ್ನೊಂದು ತೊಡಕೂ ಇದೆ. ಊರಿನ ಎಲ್ಲ ಮನೆಗಳ ದೀಪ, ಟಿವಿ, ಮಿಕ್ಸಿ ಒಟ್ಟಿಗೆ ಹೊತ್ತಿಕೊಳ್ಳುವ ಹೊತ್ತು ಅದು. ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ಬೀಳುತ್ತದೆ. ಇದರ ಹಿಂದಿನ ಭೌತಶಾಸ್ತ್ರದ ತೊಡಕನ್ನು ಕೊಳ್ಳೇಗಾಲದ ನೆರೆಯಲ್ಲೇ ಸವಾ ಶತಮಾನದ ಹಿಂದೆ ದೊಡ್ಡ ಪ್ರಮಾಣದಲ್ಲಿ ಬಗೆಹರಿಸಲಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೊದಲಾಗಿ 1902ರಲ್ಲಿ ಚಾಲೂ ಆದ ಶಿವನಸಮುದ್ರದ ವಿದ್ಯುದಾಗಾರ ಕಾವೇರಿಯ ಶಕ್ತಿಯನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿತು. ತಂತಿಯಲ್ಲಿ ಹರಿಯುವ ಕರೆಂಟು ಎರಡು ಪಟ್ಟಾದರೆ ತಂತಿ ಕಾಯುವುದು ನಾಲ್ಕು ಪಟ್ಟಾಗುತ್ತದೆ. ಅದೇ ಶಕ್ತಿಯನ್ನು ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟು ಕಡಿಮೆ ಸಾಕು, ದಾರಿಯಲ್ಲಿ ಬಿಸಿಯಾಗಿ ಸೋರುವುದೂ ಕಡಿಮೆ. ಅದಕ್ಕೇ ಅಂದು ವೋಲ್ಟೇಜನ್ನು ಏರಿಸಿ ಕಳಿಸಿದರು, ಇಂದಿಗೂ ಹಾಗೆಯೇ ಕಳಿಸುತ್ತಾರೆ.

ಕಂಪ್ಯೂಟರಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಗೋಡೆಯಲ್ಲಿ ಇರಬೇಕಾದದ್ದು 230 ವೋಲ್ಟ್. ಎಸ್‌ಎಂಪಿಎಸ್ ಅದನ್ನು 12ಕ್ಕೆ ಇಳಿಸುತ್ತದೆ, ಮದರ್‌ಬೋರ್ಡ್ ಮತ್ತೆ ಇಳಿಸಿ ಪ್ರೊಸೆಸರಿಗೆ ಒಂದು ವೋಲ್ಟ್‌ನ ಆಸುಪಾಸಿನಲ್ಲಿ ಉಣಿಸುತ್ತದೆ. 120 ವಾಟ್ ಎಳೆಯುವ ಪ್ರೊಸೆಸರಿಗೆ 1.2 ವೋಲ್ಟ್‌ನಲ್ಲಿ ಬೇಕಾದ ಕರೆಂಟು 100 ಆಂಪಿಯರ್! ಮೀಟರಿನ ಪಕ್ಕದ ಎಂಸಿಬಿ 32 ಆಂಪಿಯರಿಗೆ ಟ್ರಿಪ್ ಆಗುವಂಥ ಮನೆಯಲ್ಲಿ, ಬೆರಳಗಲದ ಚಿಪ್ಪೊಂದು ಅದರ ಮೂರು ಪಟ್ಟು ಕುಡಿಯುತ್ತಿರುತ್ತದೆ. ಈ ಇಳಿಸುವ ಕೆಲಸ ಮಾಡುವ ಭಾಗಗಳು ಅಗ್ಗದವಾದರೆ ಬಿಸಿ ಅಲ್ಲೇ ಹುಟ್ಟುತ್ತದೆ. ಕ್ಯಾಬಿನೆಟ್ಟಿನ ಜೊತೆ ಬಿಟ್ಟಿಯಾಗಿ ಬರುವ ಎಸ್‌ಎಂಪಿಎಸ್ಸನ್ನು ಈ ಕಾರಣಕ್ಕೇ ಬೇಡವೆನ್ನಬೇಕು. 80 ಪ್ಲಸ್ ಎಂಬ ಗುರುತಿನಲ್ಲಿ ಬ್ರಾಂಝ್ ದರ್ಜೆಯದು ಅರ್ಧ ಹೊರೆಯಲ್ಲಿ ನೂರಕ್ಕೆ ಸುಮಾರು 85 ಪಾಲು ಮುಂದಕ್ಕೆ ದಾಟಿಸುತ್ತದೆ, ಗೋಲ್ಡ್ ಸುಮಾರು 90. ವೋಲ್ಟೇಜ್ 170ಕ್ಕೆ ಬಿದ್ದರೂ ಒಳ್ಳೆಯ ಎಸ್‌ಎಂಪಿಎಸ್ ಕೆಲಸ ನಿಲ್ಲಿಸುವುದಿಲ್ಲ. 100ರಿಂದ 240ರವರೆಗೆ ಎಂದು ಅದರ ಮೈಮೇಲೆ ಬರೆದಿರುತ್ತದೆ. ಆದರೆ ಕಡಿಮೆ ವೋಲ್ಟೇಜಿಗೆ ಹೆಚ್ಚು ಕರೆಂಟು ಎಳೆದೇ ಅದು ಲೆಕ್ಕ ಸರಿದೂಗಿಸಬೇಕು. 230ರಲ್ಲಿ ಕಾಯುವುದಕ್ಕಿಂತ 170ರಲ್ಲಿ ಮನೆಯ ವೈರು ಹೆಚ್ಚುಕಡಿಮೆ ಎರಡು ಪಟ್ಟು ಕಾಯುತ್ತದೆ. ಹಳೆಯ ವೈರಿಂಗು, ಸಡಿಲ ಸಾಕೆಟ್ಟು, ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸು ಇದ್ದರೆ ಪ್ಲಗ್ಗು ಕಪ್ಪಾಗುವುದು ಹೀಗೆ.

ಕರೆಂಟು ಹೋದಾಗ ಮನೆಯ ಇನ್ವರ್ಟರ್ ಹೊತ್ತಿಕೊಂಡು ಟ್ಯೂಬ್‌ಲೈಟು ಆರದಿದ್ದರೂ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುವುದು ಅನೇಕರಿಗೆ ಬಗೆಹರಿಯದ ಒಗಟು. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರಿನಲ್ಲಿ ಪೂರ್ತಿ ಹೊರೆಗೆ ಸುಮಾರು 16 ಮಿಲಿಸೆಕೆಂಡ್ ಸಾಗುವಷ್ಟು ಶಕ್ತಿ ಮಾತ್ರ ಇರುತ್ತದೆ. ಇನ್ವರ್ಟರ್ ‘ಯುಪಿಎಸ್’ ಸ್ಥಿತಿಯಲ್ಲಿದ್ದರೆ 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬದಲಾಗುತ್ತದೆ. ಫ್ಯಾನು ಲೈಟಿಗೆಂದು ‘ನಾರ್ಮಲ್’ ಸ್ಥಿತಿಯಲ್ಲಿ ಇಟ್ಟಿದ್ದರೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದು, ಅಷ್ಟರಲ್ಲಿ ಕೆಪಾಸಿಟರು ಬರಿದಾಗಿರುತ್ತದೆ. ಇನ್ವರ್ಟರಿನ ಮೇಲಿರುವ ಸಣ್ಣ ಸ್ವಿಚ್ಚನ್ನು ಸರಿಸಿದರೆ ಬಹಳ ಮನೆಗಳಲ್ಲಿ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಇನ್ವರ್ಟರ್ ಇಲ್ಲದವರಿಗೆ 600 ವಿಎ ಯುಪಿಎಸ್ ಅಂದರೆ ಸುಮಾರು 360 ವಾಟ್, ಮೇಲೆ ಹೇಳಿದ ಯಂತ್ರವನ್ನು ಸರಿಯಾಗಿ ಆರಿಸುವಷ್ಟು ಹೊತ್ತಿಗೆ ಸಾಲುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುವುದಕ್ಕೂ ಕಾರಣ ಎಸ್‌ಎಂಪಿಎಸ್ ಒಳಗೇ ಇದೆ. ಅಲ್ಲಿನ ಶೋಧಕ ಕೆಪಾಸಿಟರುಗಳು ಸಣ್ಣ ಸೋರಿಕೆಯನ್ನು ಅರ್ತಿಂಗ್‌ಗೆ ಬಿಡುವಂತೆ ರಚಿತವಾಗಿವೆ. ಅರ್ತಿಂಗ್ ಇಲ್ಲದ ಮನೆಯಲ್ಲಿ ಅದು ತಗಡಿನಲ್ಲೇ ಉಳಿದು ಮುಟ್ಟಿದವರ ಮೂಲಕ ನೆಲ ಸೇರುತ್ತದೆ. ಮೂರನೆಯ ಪಿನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಚುಚ್ಚುವ ಅಭ್ಯಾಸ ಬಿಟ್ಟು, ಲೈನ್‌ಮನ್ ಅಥವಾ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಕೈಯಲ್ಲಿ ಅರ್ತಿಂಗ್ ಗುಂಡಿ ಪರೀಕ್ಷಿಸಿಕೊಳ್ಳುವುದು ಕಾರ್ಡ್ ಕೊಳ್ಳುವುದಕ್ಕಿಂತ ಮೊದಲಿನ ಕೆಲಸ. ಅಶ್ವಿನಿ, ಭರಣಿ ಮಳೆಗಳ ಗುಡುಗು ಸಿಡಿಲಿಗೆ ಮಾತ್ರ ಯಾವ ಯುಪಿಎಸ್ಸೂ ಭರವಸೆಯಲ್ಲ. ಪ್ಲಗ್ಗನ್ನೂ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಬೇಕು.

ಹಾಗಾದರೆ ಯಾವ ಕಾರ್ಡು

ಈಗ ಕಾರ್ಡಿಗೆ ಬರೋಣ, ಅದಕ್ಕೂ ಮೊದಲು ಮಾನಿಟರ್. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ 20.7 ಲಕ್ಷ ಚುಕ್ಕೆಗಳಿವೆ, 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು. ಪ್ರತಿ ಚುಕ್ಕೆಯ ಬಣ್ಣವನ್ನೂ ಪ್ರತಿ ಚಿತ್ರಕ್ಕೂ ಕಾರ್ಡ್ ಲೆಕ್ಕ ಹಾಕಬೇಕು. 4ಕೆ ಮಾನಿಟರ್ ಕೊಂಡವರು ಅರಿವಿಲ್ಲದೆ ದೊಡ್ಡ ಕಾರ್ಡನ್ನೂ ದೊಡ್ಡ ಬಿಸಿಯನ್ನೂ ಕೊಂಡಿರುತ್ತಾರೆ. ಮೇಜಿನ ಮುಂದೆ ಎರಡಡಿ ದೂರದಲ್ಲಿ ಕೂರುವ ಹೊಸಬರಿಗೆ 24 ಇಂಚಿನ ಫುಲ್ ಎಚ್‌ಡಿ ಸಾಕು. ಅದಕ್ಕೆ 115ರಿಂದ 165 ವಾಟ್ ನಡುವಿನ ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600, ಆರ್‌ಎಕ್ಸ್ 7600ರಂಥ ಕಾರ್ಡುಗಳು ಸಾಲುತ್ತವೆ. ಎರಡು ಕಾರ್ಡುಗಳ ವೇಗ ಹತ್ತಿರ ಹತ್ತಿರ ಇದ್ದರೆ ಬೆಲೆಯ ಜೊತೆ ವಾಟ್ ಕೂಡ ಹೋಲಿಸಿ ನೋಡಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೆಲೆಯ ಚೌಕಾಸಿ ನಡೆಯುತ್ತದೆ, ವಾಟ್‌ನದು ನಡೆಯುವುದಿಲ್ಲ.

ಚಿಕ್ಕ ಕಾರ್ಡ್ ಬೇಗ ಹಳತಾಗುತ್ತದೆ, ಒಮ್ಮೆಗೇ ದೊಡ್ಡದು ಕೊಳ್ಳುವುದೇ ಜಾಣತನ ಎಂಬ ವಾದಕ್ಕೆ ತೂಕವಿದೆ. ಅದನ್ನು ತಳ್ಳಿಹಾಕಲಾಗದು, ಆದರೆ ದೊಡ್ಡ ಕಾರ್ಡ್ ಕೊಂಡವರೂ ಅದನ್ನು ಪೂರ್ತಿ ತೆರೆದು ಓಡಿಸಬೇಕಿಲ್ಲ. ಚಿಪ್ಪಿನ ಬಿಸಿ ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿಗೆ ಮಾತ್ರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕೊನೆಯ ಚೂರು ವೇಗ ಹಿಂಡುವುದಕ್ಕೆ ತಯಾರಕರು ವೋಲ್ಟೇಜನ್ನು ಬಹಳ ಏರಿಸಿರುತ್ತಾರೆ. ಅದನ್ನು ನೂರಕ್ಕೆ ಹತ್ತು ಪಾಲು ಇಳಿಸಿ, ವೇಗವನ್ನು ಐದೇ ಪಾಲು ಇಳಿಸಿದರೆ ಬಿಸಿ ನೂರರಿಂದ 77ಕ್ಕೆ ಇಳಿಯುತ್ತದೆ. ಕಾರ್ಡಿನ ತಂತ್ರಾಂಶದಲ್ಲಿ ‘ಪವರ್ ಲಿಮಿಟ್’ ಎಂಬ ಗೀಟನ್ನು ಎಡಕ್ಕೆಳೆದರೆ ಈ ಕೆಲಸ ಬಹುಮಟ್ಟಿಗೆ ಆಗುತ್ತದೆ. ಇದಕ್ಕಿಂತ ಸುಲಭದ್ದು ಇನ್ನೊಂದಿದೆ. ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸಬಲ್ಲದಾದರೆ ವ್ಯಾಲೊರಂಟ್‌ನಂಥ ಹಗುರ ಆಟದಲ್ಲಿ ಕಾರ್ಡ್ 200 ಬಿಡಿಸಿ 140ನ್ನು ಎಸೆಯುತ್ತಿರುತ್ತದೆ. ಆಟದ ಸೆಟ್ಟಿಂಗಿನಲ್ಲಿ ಮಿತಿ ಹಾಕಿದರೆ ಆ ವ್ಯರ್ಥ ಬಿಸಿ ನಿಲ್ಲುತ್ತದೆ. ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವಿನ ತಡ ತುಸು ಹೆಚ್ಚುತ್ತದೆ, ಪಂದ್ಯಕ್ಕೆಂದು ಆಡುವವರು ಒಪ್ಪಲಾರರು. ಮನರಂಜನೆಗೆ ಆಡುವವರಿಗೆ ಅದು ತಿಳಿಯುವುದೂ ಕಷ್ಟ.

ಎಸಿ, ನೀರು, ಲ್ಯಾಪ್‌ಟಾಪು

ಎಸಿ ಹಾಕಿಸಿಬಿಟ್ಟರೆ ಈ ತಲೆನೋವೆಲ್ಲ ಇಲ್ಲವಲ್ಲ? ಭೌತಶಾಸ್ತ್ರದ ಮಟ್ಟಿಗೆ ಇದಕ್ಕೆ ಎದುರು ಮಾತಿಲ್ಲ. ಆದರೆ ಒಂದು ಟನ್ ಎಸಿ ಸಾವಿರ ವಾಟ್‌ನ ಸುತ್ತಮುತ್ತ ಎಳೆಯುತ್ತದೆ, ಅದೂ ವೋಲ್ಟೇಜ್ ಬಿದ್ದಿರುವ ಅದೇ ಸಂಜೆ. ಅದಲ್ಲದೆ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಲೆಕ್ಕವೂ ಇದೆ. ತಿಂಗಳಿಗೆ 200 ಯೂನಿಟ್ ಉಚಿತ ಎಂಬುದು ಗರಿಷ್ಠ ಮಿತಿ, ಒಂದೊಂದು ಮನೆಗೂ ಸಿಗುವುದು ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ತುಸು ಸೇರಿಸಿದಷ್ಟು. 300 ವಾಟ್ ಯಂತ್ರ ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ 36 ಯೂನಿಟ್. ಐವತ್ತು ಅರವತ್ತು ಯೂನಿಟ್ಟಿನ ಮನೆಯಲ್ಲಿ ಕಂಪ್ಯೂಟರ್ ಒಂದೇ ಆ ಮನೆಯ ಮಿತಿಯನ್ನು ದಾಟಿಸಿ ಕರೆಂಟು ಕಂಪನಿ ಸೆಸ್ಕ್‌ನ ಬಿಲ್ಲು ತರಿಸುತ್ತದೆ. ಎಸಿ ಸೇರಿದರೆ ಹೇಳುವುದೇ ಬೇಡ.

ನೀರಿನ ಕೂಲರುಗಳ ಬಗ್ಗೆ ಹೊಸಬರಲ್ಲಿ ಒಂದು ಭ್ರಮೆ ಇದೆ. ನೀರು ಬಿಸಿಯನ್ನು ಚಿಪ್ಪಿನಿಂದ ರೇಡಿಯೇಟರಿಗೆ ಒಯ್ಯುತ್ತದೆ, ಅಲ್ಲಿಂದ ಅದನ್ನು ಕಳೆಯಬೇಕಾದ್ದು ಕೋಣೆಯ ಗಾಳಿಯೇ. ಕೊಡಪಾನದ ತೂತು ದೊಡ್ಡದಾಗುತ್ತದೆ, ಜಗಲಿ ತಗ್ಗುವುದಿಲ್ಲ. ದೊಡ್ಡ ಪ್ರೊಸೆಸರಿಗೆ ಅದು ಬೇಕಾದೀತು. 76 ವಾಟ್‌ನದಕ್ಕೆ ಸಾಧಾರಣ ಗಾಳಿ ಕೂಲರೇ ಸಾಕು, ಕೆಟ್ಟರೆ ಬದಲಿಸಲು ಬೇಕಾದ ಫ್ಯಾನು ಕೊಳ್ಳೇಗಾಲದಲ್ಲೋ ಮೈಸೂರಿನಲ್ಲೋ ಸಿಗುತ್ತದೆ. ಲ್ಯಾಪ್‌ಟಾಪ್ ಕೊಂಡರೆ ಹೇಗೆ ಎಂಬುದು ಹೆಚ್ಚು ನ್ಯಾಯವಾದ ಪ್ರಶ್ನೆ. ಅದರಲ್ಲಿ ಬ್ಯಾಟರಿ ಇದೆ, ಕರೆಂಟು ಹೋದರೂ ಆಟ ನಿಲ್ಲದು. ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಮನೆಯಲ್ಲಿ ಅದೇ ಸರಿಯಾದ ಆಯ್ಕೆ ಇರಬಹುದು. ಆದರೆ ಬೆರಳು ದಪ್ಪದ ಪೆಟ್ಟಿಗೆಯಲ್ಲಿ ತೂತು ಸಣ್ಣದು. ಅದರ ಧೂಳು ತೆಗೆಯುವುದು ಕಷ್ಟ, ಕಾರ್ಡ್ ಬದಲಿಸುವುದು ಸಾಮಾನ್ಯವಾಗಿ ಅಸಾಧ್ಯ.

ಧೂಳು, ಮತ್ತು ಜೋಡಿಸಿದ ಮೇಲಿನ ಒಂದು ಪರೀಕ್ಷೆ

ಕ್ಯಾಬಿನೆಟ್ ಆರಿಸುವಾಗ ಮುಂಭಾಗದಲ್ಲಿ ಗಾಜು, ಬಣ್ಣದ ದೀಪ ಇರುವುದಕ್ಕಿಂತ ಜಾಲರಿ ಇರುವುದೇ ಮೇಲು. ಒಳಕ್ಕೆ ಊದುವ ಫ್ಯಾನುಗಳು ಹೊರಕ್ಕೆ ಎಳೆಯುವುದಕ್ಕಿಂತ ಒಂದು ಹೆಚ್ಚಿದ್ದರೆ ಒಳಗೆ ತುಸು ಒತ್ತಡ ಉಳಿದು, ಗಾಳಿ ಜಾಲರಿಯ ಮೂಲಕ ಮಾತ್ರ ಬರುತ್ತದೆ, ಸಂದಿಗಳಿಂದ ಕೆಮ್ಮಣ್ಣಿನ ಧೂಳು ನುಸುಳುವುದು ಕಡಿಮೆಯಾಗುತ್ತದೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಟ್ಟಿತೆಂದರೆ ತೂತಿಗೆ ಬಟ್ಟೆ ತುರುಕಿದ ಹಾಗೆ. ಹಿಂಭಾಗದ ಖಾಲಿ ಕಿಂಡಿಗಳಿಗೆ ತಗಡು ಮುಚ್ಚಲೇಬೇಕು, ಬೆಚ್ಚನೆಯ ಪೆಟ್ಟಿಗೆ ಕಂಡರೆ ಹಲ್ಲಿಗೂ ಇರುವೆಗೂ ಬಲು ಪ್ರೀತಿ.

ಜೋಡಿಸುವುದು ಹೊಸಬರು ಅಂಜುವಷ್ಟು ಕಷ್ಟದ್ದಲ್ಲ. ಬಹುತೇಕ ಕನೆಕ್ಟರುಗಳು ಸರಿಯಾದ ಜಾಗ ಬಿಟ್ಟು ಬೇರೆಡೆ ಕೂರುವುದೇ ಇಲ್ಲ. ರ್‍ಯಾಮ್ ಒಂದೇ ದೊಡ್ಡದರ ಬದಲು ಎರಡು ಕಡ್ಡಿಗಳಾಗಿರಲಿ, ದತ್ತಾಂಶಕ್ಕೆ ಎರಡು ದಾರಿ ಸಿಗುತ್ತದೆ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕಿತ್ತು, ಬಿಸಿ ದಾಟಿಸುವ ಪೇಸ್ಟನ್ನು ಪ್ರೊಸೆಸರಿನ ಮೇಲೆ ಬಟಾಣಿ ಕಾಳಿನಷ್ಟು ಹಾಕಬೇಕು. ಮಾನಿಟರಿನ ಕೇಬಲ್ ಚುಚ್ಚಬೇಕಾದದ್ದು ಕಾರ್ಡಿಗೆ, ಮದರ್‌ಬೋರ್ಡಿಗಲ್ಲ. ಕಾರ್ಡ್ ಕೊಂಡೂ ಆಟ ನಿಧಾನ ಎನ್ನುವವರಲ್ಲಿ ಕೆಲವರ ತೊಂದರೆ ಇಷ್ಟೇ ಇರುತ್ತದೆ.

ಎಲ್ಲ ಮುಗಿದ ಮೇಲೆ, ಆಡುವ ಹೊತ್ತಿನಲ್ಲೇ, ಅಂದರೆ ಸಂಜೆಯೇ, ಒಂದು ಭಾರಿ ಆಟವನ್ನು ಅರ್ಧ ಗಂಟೆ ಓಡಿಸಿ, ಬಿಸಿ ತೋರಿಸುವ ಉಚಿತ ತಂತ್ರಾಂಶದಲ್ಲಿ ಕಾರ್ಡ್ ಮತ್ತು ಪ್ರೊಸೆಸರಿನ ಡಿಗ್ರಿಯನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಇನ್ನೊಂದು ಹದಿನೈದು ನಿಮಿಷ ಓಡಿಸಬೇಕು. ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಪೆಟ್ಟಿಗೆಯಲ್ಲಿ ಗಾಳಿ ಆಡುತ್ತಿಲ್ಲ, ಒಂದು ಫ್ಯಾನು ಸೇರಿಸಬೇಕು ಅಥವಾ ಗೋಡೆಯಿಂದ ದೂರ ಸರಿಸಬೇಕು. ಇಳಿಯದೆ ಪ್ರೊಸೆಸರ್ ಮಾತ್ರ ಗೆರೆಯ ಹತ್ತಿರ ನಿಂತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ, ಬಿಚ್ಚಿ ಪೇಸ್ಟ್ ಒರೆಸಿ ಮತ್ತೆ ಹಾಕಬೇಕು. ಎರಡೂ ಗೆರೆಯ ಹತ್ತಿರವೇ ಇದ್ದು, ಮುಚ್ಚಳ ತೆಗೆದರೂ ಕದಲದಿದ್ದರೆ, ಪವರ್ ಲಿಮಿಟ್ ಗೀಟನ್ನು ನೂರರಿಂದ ಎಂಬತ್ತಕ್ಕೆ ಇಳಿಸಿ, ಕಿಟಕಿ ತೆಗೆದು ಮತ್ತೆ ಅಳೆಯಬೇಕು.